ಮಿಲ್ಲಿನ ಕೊರಳಿಗೊಂದು ಬಳೆ

ಆಯುಧಪೂಜೆಯ ಹಿಂದಿನ ದಿನ ನಮ್ಮ ಮಾವನವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬೆಳಗ್ಗೆ ಹಳೆಯ ಪಂಚೆ ಉಟ್ಟು ದೇವಲಾಪುರದ ನಮ್ಮ ಹಿಟ್ಟಿನ ಮಿಲ್ಲಿನೊಳಗೆ ಸೇರಿ ಬಾಗಿಲು ಹಾಕಿಕೊಂಡರೆ ಹೊರಗೆ ಬರುವುದು ಸಂಜೆಗೆ. ಬರುವಾಗ ಮೀಸೆಗೂ ಬಣ್ಣ ಹತ್ತಿರುತ್ತಿತ್ತು. ಮಿಲ್ಲಿನ ಬೆಲ್ಟು ಬಿಚ್ಚಿ, ಕಾಳು ಸುರಿಯುವ ತೊಟ್ಟಿ ಇಳಿಸಿ, ಮೈಯೆಲ್ಲ ಒರೆಸಿ, ಮೇಲಿಂದ ಕೆಳಗಿನವರೆಗೆ ಎನಾಮಲ್ ಬಣ್ಣ ಬಳಿಯುವುದು ಅವರ ವ್ರತ. ಒಂದು ವರ್ಷ ಹಸಿರು, ಒಂದು ವರ್ಷ ನೀಲಿ, ಒಂದು ವರ್ಷ ಅಂಗಡಿಯವನ ಹತ್ತಿರ ಖರ್ಚಾಗದೆ ಉಳಿದದ್ದು ಯಾವುದೋ ಅದು. ಹಳೆಯ ಬಣ್ಣ ಕೆರೆಯುವ ಪದ್ಧತಿ ಇರಲಿಲ್ಲ. ದೇವರ ಹೆಸರಿನಲ್ಲಿ ಹಚ್ಚಿದ್ದನ್ನು ಕೆರೆಯಬಾರದು ಎಂಬುದು ಅವರೇ ಮಾಡಿ ಅವರೇ ಪಾಲಿಸಿಕೊಂಡು ಬಂದ ಶಾಸ್ತ್ರ. ಖಾಲಿ ಡಬ್ಬಿಗಳನ್ನೂ ಎಸೆಯುತ್ತಿರಲಿಲ್ಲ. ಮಿಲ್ಲಿನ ಅಟ್ಟದ ಮೇಲೆ ಸಾಲಾಗಿ ಜೋಡಿಸಿಡುತ್ತಿದ್ದರು. ಮೂವತ್ತು ಡಬ್ಬಿಗೆ ಕಡಿಮೆ ಇರಲಿಲ್ಲ.

ನಾನು ಅರಕೆರೆಯವಳು. ನಾಲೆ ನೀರಿನ ಊರಿನಿಂದ ಆಕಾಶ ನೋಡುವ ಊರಿಗೆ ಸೊಸೆಯಾಗಿ ಬಂದವಳು. ಮಾವನವರ ಕಣ್ಣಿಗೆ ಪೊರೆ ಬಂದು ರಾಗಿ ಯಾವುದು ಸಾಸಿವೆ ಯಾವುದು ತಿಳಿಯದಂತಾದಾಗ ಮಿಲ್ಲು ನನ್ನ ಕೈಗೆ ಬಂತು. ನನ್ನ ಗಂಡ ಶ್ರೀರಂಗಪಟ್ಟಣದ ಕಡೆ ಹಾಲಿನ ವ್ಯಾನು ಓಡಿಸುತ್ತಾರೆ. ಅವರಿಗೆ ವ್ಯಾನು ಬಿಟ್ಟರೆ ಬೇರೆ ಯಾವ ಯಂತ್ರದ ಮೇಲೂ ಪ್ರೀತಿಯಿಲ್ಲ. ನಾಲ್ಕು ವರ್ಷ ನಾನೇ ನಡೆಸಿದೆ. ಮನೆಯಲ್ಲಿ ನಾನು ಸೊಸೆ, ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳು. ಮಿಲ್ಲಿನಲ್ಲಿ ಮಾತ್ರ ನಾನು ಹೇಳಿದ್ದೇ ಕಾನೂನು. ಸರದಿ ತಪ್ಪಿಸಿ ನುಗ್ಗಿದರೆ ಪಂಚಾಯಿತಿ ಮೆಂಬರಿನ ಹೆಂಡತಿಯನ್ನೂ ಹಿಂದಕ್ಕೆ ಕಳಿಸಿದ್ದೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿನವರು ಹೇಳುತ್ತಾರೆ. ಹಿಟ್ಟು ಮೆತ್ತಿಕೊಂಡ ಮೂಗಿನ ಮೇಲೆ ಅದು ಅವರಿಗೆ ಹೇಗೆ ಕಂಡಿತೋ ಗೊತ್ತಿಲ್ಲ.

ಹೊಸ ರಾಗಿ ಬಂದ ಕಾಲ. ಒಂದು ಸೋಮವಾರ ಬೆಳಗ್ಗೆ ಮಿಲ್ಲು ತುಂಬ ಜನ. ಒಬ್ಬ ಅಜ್ಜಿಯ ರಾಗಿ ಸುರಿದು ಗುಂಡಿ ಒತ್ತಿದ್ದೆ, ಅಷ್ಟೆ. ಟಣ್ ಎಂದು ಒಂದು ಸದ್ದು ಬಂತು. ತೊಟ್ಟಿ ಕುಡುಕನ ಹಾಗೆ ಒಂದು ಕಡೆಗೆ ವಾಲಿತು. ಅಜ್ಜಿಯ ರಾಗಿಯೆಲ್ಲ ನೆಲದ ಪಾಲಾಯಿತು. ಎಲ್ಲಿದ್ದವೋ, ಊರಿನ ಕೋಳಿಗಳೆಲ್ಲ ಒಳಗೆ ಬಂದವು.

ಒಡೆದದ್ದು ಮಿಲ್ಲಿನ ಕೊರಳಿನ ಬಳೆ. ಮಿಲ್ಲಿನ ಮೇಲ್ಭಾಗದಲ್ಲಿ ದಪ್ಪ ಕೊಳವೆಯಂಥ ಒಂದು ಕೊರಳಿದೆ. ಅದರ ಮೇಲೆ ತೊಟ್ಟಿ ಕೂರುತ್ತದೆ. ತೊಟ್ಟಿ ಅಲುಗಾಡದಂತೆ ಕೊರಳನ್ನು ಬಿಗಿಯಾಗಿ ಅಪ್ಪಿಕೊಂಡಿರುವ ಬೀಡು ಕಬ್ಬಿಣದ ಉಂಗುರಕ್ಕೆ ನಾವು ಬಳೆ ಎನ್ನುತ್ತಿದ್ದೆವು. ಅದು ನಾಲ್ಕು ತುಂಡಾಗಿ ಬಿದ್ದಿತ್ತು. ಟ್ರಾಕ್ಟರಿನ ಟ್ಯೂಬು ಕತ್ತರಿಸಿ ಬಿಗಿದು ನೋಡಿದೆ. ಎರಡು ನಿಮಿಷ ತಡೆಯಿತು. ಕೋಳಿಗಳು ಬಾಗಿಲಲ್ಲೇ ಕಾಯುತ್ತಿದ್ದವು.

ಮಾವನವರಿಗೆ ಹೇಳಿದೆ. ಅವರು ಮರುದಿನವೇ ಆದಿಚುಂಚನಗಿರಿಯ ಆಸ್ಪತ್ರೆಗೆ ಹೊರಟಿದ್ದರು. ಎರಡು ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡು, ಕೆ.ಆರ್.ಪೇಟೆಯ ಮಗಳ ಮನೆಯಲ್ಲಿ ಆರೈಕೆ ಮಾಡಿಸಿಕೊಂಡು ಹತ್ತು ದಿನಕ್ಕೆ ಬರುವುದೆಂದು ತೀರ್ಮಾನವಾಗಿತ್ತು. ನಾನು ಬಳೆಯ ತುಂಡು ಕೊಡಲು ಹೋದರೆ ಅವರು ಕೈ ಚಾಚಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು:

“ಅದ್ರ ಆಯಸ್ಸು ಮುಗೀತು ಕಣವ್ವ. ಗುಜರಿಯವ್ನಿಗೆ ಯೋಳ್ಬುಡು, ಬಂದು ತಕಂಡೋಗ್ಲಿ.”

ನನಗೆ ಉರಿದುಹೋಯಿತು. ಮೂವತ್ತು ವರ್ಷ ಬಣ್ಣ ಬಳಿದು ಪೂಜೆ ಮಾಡಿದ ಮನುಷ್ಯ ಒಂದು ಬಳೆ ಒಡೆಯಿತೆಂದು ಮಿಲ್ಲನ್ನೇ ಗುಜರಿಗೆ ಹಾಕುವುದೇ?

“ನೀವು ಬರೋದ್ರೊಳಗೆ ಓಡಿಸಿದ್ರೆ, ಮಾವ?”

“ಓಡ್ಸುದ್ರೆ ಓಡ್ಸು. ನಾ ಬಂದ ದಿಸ ನಿಂತಿದ್ರೆ ಮಾತ್ರ ಗುಜರಿಗೆ. ಆಮೇಲೆ ಸೆರಗು ಕಣ್ಣಿಗೊತ್ಕಬೇಡ.”

ಗುಜರಿಯವನಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ, ಮಾರನೆಯ ದಿನವೇ ಬಂದು ನಿಂತ. ಸಂತೆಯಲ್ಲಿ ಎಮ್ಮೆ ನೋಡುವವನ ಹಾಗೆ ಮಿಲ್ಲಿನ ಮೈಮೇಲೆ ಕೈಯಾಡಿಸಿದ. ಅವನನ್ನು ನಾನು ಕಸಬರಿಕೆ ಹಿಡಿದುಕೊಂಡೇ ಮಾತಾಡಿಸಿದೆ. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮೊದಲು ನಾಗಮಂಗಲದ ವೆಲ್ಡಿಂಗ್ ಅಂಗಡಿಗೆ ಹೋದೆ. ಬೀಡು ಕಬ್ಬಿಣ ಬೆಸುಗೆ ಹಿಡಿಯುವುದಿಲ್ಲ ಎಂದು ಹೇಳುತ್ತಲೇ ಅವನು ಬೆಸುಗೆ ಹಾಕಿದ. ನಾಲ್ಕು ತುಂಡು ಇದ್ದದ್ದು ಐದಾಯಿತು. ಅಲ್ಲಿಂದ ಶ್ರೀರಂಗಪಟ್ಟಣದ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವರು ಯಾವ ಕಂಪನಿ ಎಂದು ಕೇಳಿದರು. ಆ ಕಂಪನಿ ನನ್ನ ಮದುವೆಗೆ ಮುಂಚೆಯೇ ಮುಚ್ಚಿಹೋಗಿದೆ ಎಂದೆ. “ಹಂಗಾದ್ರೆ ಹೊಸ ಮಿಲ್ ತಗೊಳ್ಳಿ” ಎಂದು ಅಂಗಿಗೆ ಹೊಸ ಗುಂಡಿ ಹಾಕಿಸಿಕೊಳ್ಳಿ ಎನ್ನುವಷ್ಟು ಸಲೀಸಾಗಿ ಹೇಳಿ, ಪಕ್ಕದ ಗಿರಾಕಿಯ ಕಡೆ ತಿರುಗಿಕೊಂಡರು.

ಮೂರನೆಯ ದಿನ ನನ್ನ ಗಂಡ ಊಟ ಮಾಡುತ್ತಾ ಬಾಯಿಬಿಟ್ಟರು. ಪಾಂಡವಪುರದಲ್ಲಿ ಒಬ್ಬ ಆಚಾರಿ ಇದ್ದಾರಂತೆ. ಎಲ್ಲೂ ಸಿಗದ ಪಾರ್ಟನ್ನು ಅಳತೆ ತೆಗೆದು ಮಾಡಿಕೊಡುತ್ತಾರಂತೆ. ವ್ಯಾನಿನ ಬಾಗಿಲಿನ ಕೀಲನ್ನು ಅವರೇ ಮಾಡಿಕೊಟ್ಟದ್ದಂತೆ.

“ಇದನ್ನ ಮೊದ್ಲೇ ಯಾಕ್ ಹೇಳ್ನಿಲ್ಲ?” ಎಂದೆ.

“ನೀ ಕೇಳ್ನಿಲ್ವಲ್ಲ” ಎಂದು ಮುದ್ದೆ ಮುರಿದರು. ಆವತ್ತು ಸಾರು ಎರಡನೆಯ ಸಲ ಬಡಿಸಲಿಲ್ಲ.

ಕಬ್ಬಿಣದ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ನಾಗಮಂಗಲದಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಕಂಡಕ್ಟರು ಚೀಲವನ್ನು ಕಾಲಿನಿಂದ ಸರಿಸಲು ಹೋಗಿ ಕಾಲು ಹಿಡಿದುಕೊಂಡ. ಏನಮ್ಮ ಇದು ಎಂದ. ಬಳೆ ಎಂದೆ. ಅವನು ನನ್ನ ಕೈಯನ್ನೊಮ್ಮೆ ಚೀಲವನ್ನೊಮ್ಮೆ ನೋಡಿ ಮುಂದಕ್ಕೆ ಹೋದ. ಪಾಂಡವಪುರ ಬರುವವರೆಗೂ ನನ್ನ ಸೀಟಿನ ಹತ್ತಿರ ಸುಳಿಯಲಿಲ್ಲ.

ಆಚಾರಿಯ ವರ್ಕ್‌ಶಾಪಿನ ಬೋರ್ಡಿನ ಮೇಲೆ ‘ಸೂಜಿಯಿಂದ ಗಾಣದವರೆಗೆ ಎಲ್ಲಾ ಪಾರ್ಟುಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡಲಾಗುವುದು’ ಎಂದು ಬರೆದಿತ್ತು. ಒಳಗೆ ಒಂದು ಲೇತ್ ಯಂತ್ರ, ಸುರುಳಿ ಸುರುಳಿಯಾಗಿ ಬಿದ್ದ ಕಬ್ಬಿಣದ ಹೊಟ್ಟು, ಮಧ್ಯದಲ್ಲಿ ಐವತ್ತೈದರ ಆಸುಪಾಸಿನ ಸಣ್ಣ ಮನುಷ್ಯ. ಕಿವಿಯ ಮೇಲೆ ಪೆನ್ಸಿಲ್ಲು, ಹಣೆಯ ಮೇಲೆ ಕನ್ನಡಕ. ಮೂರು ತಲೆಮಾರಿನ ಕಸುಬು ಎಂದು ನಾನು ಕೇಳುವ ಮೊದಲೇ ಹೇಳಿದರು. ಸೂಜಿಯನ್ನು ಮಾತ್ರ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲವಂತೆ. ಆ ಬೇಸರ ಮುಖದಲ್ಲಿ ಇತ್ತು.

ನಾನು ಚೀಲ ಸುರಿದೆ. ಅವರು ತುಂಡುಗಳನ್ನು ಕಾಲಿನ ತುದಿಯಿಂದ ಸರಿಸಿ ನೋಡಿದರು.

“ಇದ್ನ ಅಳೆದು ಏನ್ ಮಾಡ್ಲಮ್ಮ? ಒಡೆದ ಬಳೆ ನೋಡಿ ಯಾವ ಬಳೆಗಾರ ಬಳೆ ತೊಡ್ಸಾನು? ಕೈ ತೋರ್ಸಿ. ನಿಮ್ಮ ಮಿಲ್ಲಿನ ಕೊರಳು ತೋರ್ಸಿ.”

ಎರಡು ದಿನ ಬಿಟ್ಟು ಮೊಪೆಡ್ಡಿನಲ್ಲಿ ದೇವಲಾಪುರಕ್ಕೆ ಬಂದರು. ವರ್ನಿಯರ್ ಎಂಬ ಅಳತೆಯ ಕೊಕ್ಕೆಯಿಂದ ಕೊರಳನ್ನು ಮೂರು ಕಡೆ ಹಿಡಿದು, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿ ತೆರೆದು, ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡರು. ಎಲ್ಲ ಅಳತೆಗಳನ್ನೂ ಅವರು ಲಗ್ನಪತ್ರಿಕೆಯ ಮೇಲೆಯೇ ಬರೆಯುವುದು. ದಪ್ಪ ಕಾಗದ, ಜೇಬಿನಲ್ಲಿ ಮುದುರುವುದಿಲ್ಲ.

“ನಾ ಮಾಡೋ ಬಳೆ ಬೀಡು ಅಲ್ಲ, ಗಟ್ಟಿ ಉಕ್ಕಿಂದು. ಕೂದ್ಲೆಳೆ ಹೆಚ್ಚುಕಮ್ಮಿ ಬಂದ್ರೆ ಈ ಕಸ್ಬೇ ಬುಟ್ಬುಡ್ತೀನಿ” ಎಂದರು. ಮೊಪೆಡ್ ಹತ್ತುವಾಗ ಒಂದು ಮಾತು ಸೇರಿಸಿದರು: “ನಾ ಬರೋವೊತ್ಗೆ ಎಲ್ಲ ಕ್ಲೀನಾಗಿ ಇಟ್ಟಿರಿ ಕಣಮ್ಮ.”

ಇದನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಹಿಟ್ಟು ಗುಡಿಸಿ ಸುಮ್ಮನಾಗುತ್ತಿದ್ದರು. ನನಗೆ ಹೇಳಿದರು. ಕ್ಲೀನು ಎಂಬ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು. ಪಾತ್ರೆಯ ತಳ ಕನ್ನಡಿಯಾಗುವವರೆಗೆ ಉಜ್ಜುವವಳು ನಾನು. ಮಿಲ್ಲಿನ ಕೊರಳನ್ನು ನೋಡಿದೆ. ಬಣ್ಣ ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿತ್ತು. ಉಗುರಿನಿಂದ ಒಂದು ಚೂರು ಎಬ್ಬಿಸಿದೆ. ಕೆಂಪಿನ ಕೆಳಗೆ ಹಸಿರು ಕಂಡಿತು. ಹಸಿರಿನ ಕೆಳಗೆ ನೀಲಿ. ಆಮೇಲೆ ಕೈ ನಿಲ್ಲಲಿಲ್ಲ.

ಸೀಮೆಎಣ್ಣೆ, ಹಳೆಯ ಕುಡುಗೋಲು, ಉಪ್ಪುಕಾಗದ ಹಿಡಿದು ನಾಲ್ಕು ದಿನ ಕೆರೆದೆ. ಕೊರಳಿನಿಂದ ಶುರುವಾದದ್ದು ಹೊಟ್ಟೆ, ಬೆನ್ನು, ಕಾಲಿನವರೆಗೂ ಹೋಯಿತು. ಮಾವನವರ ಶಾಸ್ತ್ರ ನೆನಪಾದಾಗ ಕುಡುಗೋಲು ಕೆಳಗಿಡುತ್ತಿದ್ದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಾರಲ್ಲ, ಏನು ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಇನ್ನಷ್ಟು ಕೆರೆದೆ. ಕೊನೆಗೆ ಕಪ್ಪಗೆ ಮಿರುಗುವ ಬರಿ ಕಬ್ಬಿಣ ನಿಂತಿತು. ಉದುರಿದ ಬಣ್ಣದ ಹೆಕ್ಕಳಿಕೆಗಳನ್ನೆಲ್ಲ ಒಂದು ಬಕೆಟ್ಟಿಗೆ ಗುಡಿಸಿ ಮೂಲೆಗಿಟ್ಟೆ.

ಬಳೆ ತರುವ ದಿನದ ಹಿಂದಿನ ಸಂಜೆ ಆಚಾರಿ ಫೋನು ಮಾಡಿದರು.

“ನಾಳೆ ಅಮಾಸೆ ಕಣಮ್ಮ. ಅಮಾಸೆ ದಿಸ ನಾವು ಸುತ್ತಿಗೆ ಮುಟ್ಟಾಕಿಲ್ಲ. ನಾಡಿದ್ದು ಬೆಳಿಗ್ಗೆ ಬತ್ತೀನಿ.”

ಮಾವನವರು ಬರುವುದು ನಾಳೆಯೇ ಇತ್ತು. ಅಳುವುದೋ ಆಚಾರಿಗೆ ಬೈಯುವುದೋ ಎಂದು ಯೋಚಿಸುತ್ತಿರುವಾಗ ಕೆ.ಆರ್.ಪೇಟೆಯಿಂದ ನಾದಿನಿಯ ಫೋನು ಬಂತು. “ಅಪ್ಪ ಒಂಟ್ ನಿಂತವ್ರೆ ಕಣತ್ಗೆ. ಅಮಾಸೆ ದಿಸ ಯಾರಾದ್ರೂ ಕಳ್ಸಾರಾ? ನಾಡಿದ್ದು ಮಧ್ಯಾಹ್ನದ ಬಸ್ಸಿಗೆ ಕಳಿಸ್ತೀನಿ.” ಕಿತ್ತುಕೊಂಡ ಅಮಾವಾಸ್ಯೆಯೇ ಒಂದು ದಿನ ವಾಪಸ್ಸು ಕೊಟ್ಟಿತು. ಆವತ್ತಿನಿಂದ ಅಮಾವಾಸ್ಯೆಯನ್ನು ಕೆಟ್ಟ ದಿನ ಎನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಅಮಾವಾಸ್ಯೆ ಕಳೆದ ಬೆಳಗ್ಗೆ ಆಚಾರಿ ಬಂದರು. ಬಳೆಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದಾಗ ಬೆಳ್ಳಿಯ ಹಾಗೆ ಹೊಳೆಯಿತು. ಹಿಟ್ಟು ಬೀಸಿಸಲು ಕಾದಿದ್ದ ಹೆಂಗಸರೆಲ್ಲ ಸೇರಿದ್ದರು. ಆಚಾರಿ ಕೈಮುಗಿದು, ಬಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊರಳಿಗೆ ತೊಡಿಸಿದರು.

ಅದು ಸುಯ್ಯೆಂದು ಇಳಿದು ಕೆಳಗೆ ಕೂತಿತು. ಮುಟ್ಟಿದರೆ ಗಲಗಲ ಎಂದಿತು. ಸುತ್ತಲೂ ಬೆಂಕಿಕಡ್ಡಿ ತೂರಿಸುವಷ್ಟು ಸಂದು.

ಆಚಾರಿಯ ಮುಖದ ಬಣ್ಣ ಇಳಿಯಿತು. ಕನ್ನಡಕವನ್ನು ಹಣೆಯಿಂದ ಮೂಗಿಗೆ ತಂದರು. ಲಗ್ನಪತ್ರಿಕೆ ತೆಗೆದು ನೋಡಿದರು. ಬಳೆ ಅಳೆದರು, ಸರಿಯಾಗಿತ್ತು. ಕೊರಳು ಅಳೆದರು, ತಪ್ಪಾಗಿತ್ತು. ಮತ್ತೆ ಅಳೆದರು. ಆಮೇಲೆ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

“ಮಿಲ್ ಬದ್ಲಾಯಿಸಿದ್ದೀರಾ?”

“ಮಿಲ್ಲೇನು ಸೀರೆಯಾ, ಬದ್ಲಾಯ್ಸಕ್ಕೆ? ನಿಮ್ಮ ಅಳತೆ ತಪ್ಪು ಅಂತ ಒಪ್ಕಳಿ.”

“ನನ್ನ ಅಳತೆಯಾ? ಮೂರು ತಲೆಮಾರು! ಕೊರಳು ಸಣ್ಣಗಾಗದೆ ಕಣಮ್ಮ!”

“ಊಟ ಬಿಟ್ಟಿತ್ತು, ಅದ್ಕೇ ಸೊರಗದೆ” ಎಂದೆ. ಹೆಂಗಸರು ನಕ್ಕರು. ನನಗೆ ನಗು ಬಂದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಇನ್ನು ಮೂರು ಗಂಟೆ ಇತ್ತು. ಮಿಲ್ಲು ಹೋದರೆ ನಾನು ಮತ್ತೆ ಕೊಟ್ಟಿಗೆಗೂ ಒಲೆಗೂ ನಡುವೆ ಓಡಾಡುವ ಹೆಂಗಸು. ಹೆಂಗಸರಲ್ಲಿ ಒಬ್ಬಳು ದೃಷ್ಟಿಯಾಗಿದೆ ಎಂದಳು. ಇನ್ನೊಬ್ಬಳು ಚಳಿಗೆ ಕಬ್ಬಿಣ ಮುದುರಿದೆ ಎಂದಳು. ರಾಗಿ ಕಳೆದುಕೊಂಡಿದ್ದ ಅಜ್ಜಿ ಕೋಳಿಗಳನ್ನು ಬೈದಳು.

ಆಚಾರಿ ಸೋತವರಂತೆ ಮೂಲೆಗೆ ಹೋಗಿ ಕೂತರು. ಪಕ್ಕದಲ್ಲಿ ಬಕೆಟ್ಟು ಇತ್ತು. ಸುಮ್ಮನೆ ಕೈಯಾಡಿಸುತ್ತಾ ಒಂದು ದಪ್ಪ ಹೆಕ್ಕಳಿಕೆ ಎತ್ತಿಕೊಂಡರು. ಅದರ ಅಂಚಿನಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಗೆರೆಗಳು ಸೀರೆಯ ಅಂಚಿನಂತೆ ಒಂದರ ಕೆಳಗೊಂದು ಇದ್ದವು. ಅವರು ನಿಧಾನವಾಗಿ ಎದ್ದು ಬಂದು ಆ ಚೂರನ್ನು ಬಳೆಗೂ ಕೊರಳಿಗೂ ನಡುವಿನ ಸಂದಿಗೆ ತೂರಿಸಿದರು. ಹೇಳಿ ಮಾಡಿಸಿದಂತೆ ಕೂತಿತು.

“ತಾಯೀ,” ಎಂದರು ಆಚಾರಿ, “ನೀವು ಕೆರೆದು ಬಕೆಟ್ಗೆ ತುಂಬಿರಾದು ನನ್ನ ಅಳತೆನ.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. “ನೀವೇ ಕ್ಲೀನಾಗಿಡಿ ಅಂದ್ರಿ” ಎಂದು ಗೊಣಗಿದೆ.

“ಕ್ಲೀನು ಅಂದ್ರೆ ಜೇಡರಬಲೆ ತೆಗೀರಿ ಅಂತ! ಮೂವತ್ತು ವರ್ಷದ ಆಯುಧಪೂಜೆ ತೆಗೀರಿ ಅಂತ ಅಲ್ಲ!” ಆಮೇಲೆ ಗದ್ದ ಕೆರೆದುಕೊಂಡು ಕೇಳಿದರು: “ಬಣ್ಣ ಬಳೀವಾಗ ಬಳೆ ಬಿಚ್ತಿದ್ರಾ?”

“ಬಿಚ್ಚಿ, ಬಳ್ದು, ಒಣಗಿದ್ ಮೇಲೆ ಮತ್ತೆ ಹಾಕ್ತಿದ್ರು.”

“ಅಂಗೆ ಯೋಳಿ ಮತ್ತೆ. ವರ್ಷಾ ವರ್ಷಾ ಕೊರಳು ಊದ್ಕತು, ಬಳೆ ಮಾತ್ರ ಅಷ್ಟೇ ಇತ್ತು. ಒಡೀದೆ ಇನ್ನೇನ್ ಮಾಡ್ತದೆ? ಅದ್ನ ಒಡೆದಿದ್ದು ಬಣ್ಣ ಕಣಮ್ಮ.”

ಇದನ್ನು ಮಾವನವರಿಗೆ ಯಾವ ಕಾರಣಕ್ಕೂ ಹೇಳಬಾರದು ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ಅಷ್ಟು ಪ್ರೀತಿಯಿಂದ ಬಳಿದವರಿಗೆ ನಿಮ್ಮ ಬಣ್ಣವೇ ಮುಳುವಾಯಿತು ಎಂದು ಯಾವ ಬಾಯಲ್ಲಿ ಹೇಳುವುದು?

ಹೊಸ ಬಳೆ ಮಾಡಲು ಮೂರು ದಿನ ಬೇಕು. ನಮಗಿದ್ದದ್ದು ಮೂರು ಗಂಟೆ. ಮೂರು ಗಂಟೆಯಲ್ಲಿ ಮೂವತ್ತು ಆಯುಧಪೂಜೆ ಮಾಡಿದರೆ ಆಗುತ್ತದೆ ಎಂದರು ಆಚಾರಿ, ನಗದೆ. ಬಣ್ಣ ಹೋದ ಸಂದು ತುಂಬುವಂತೆ ಕೊರಳಿಗೆ ಸುತ್ತಲು ತೆಳುವಾದ ತಗಡು ಬೇಕಿತ್ತು. ಅತ್ತಿತ್ತ ಹುಡುಕುತ್ತಾ ಅವರು ತಲೆಯೆತ್ತಿದರು. ಅಟ್ಟದ ಮೇಲೆ ಮಾವನವರ ಬಣ್ಣದ ಡಬ್ಬಿಗಳು ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದವು.

ಡಬ್ಬಿಗಳ ತಳ ಬಾಯಿ ಕತ್ತರಿಸಿ, ತಗಡನ್ನು ಚಪ್ಪಟೆ ಮಾಡಿ, ಪಟ್ಟಿ ಮಾಡಿದರು. ನಾನು ಹಿಡಿದುಕೊಂಡೆ, ಅವರು ಸುತ್ತಿದರು. ಎಂಟು ಸುತ್ತು ಸುತ್ತಿದ ಮೇಲೆ ಕೊರಳು ಮೊದಲಿನ ದಪ್ಪಕ್ಕೆ ಬಂತು. ಬಳೆಯನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಕೂರಿಸಿದರು. ಈ ಸಲ ಅದು ಅಲುಗಾಡಲಿಲ್ಲ. ಬಣ್ಣ ಇದ್ದ ಜಾಗಕ್ಕೆ ಬಣ್ಣದ ಡಬ್ಬಿ ಬಂದು ಕೂತಿತ್ತು. ತೊಟ್ಟಿ ಏರಿಸಿ, ಬೆಲ್ಟು ಹಾಕಿ, ಗುಂಡಿ ಒತ್ತಿದೆ. ಮಿಲ್ಲು ಗುರ್ ಎಂದಿತು. ಮೊದಲ ಸರದಿ ಅಜ್ಜಿಯದು. ನೆಲದ ಪಾಲಾದಷ್ಟು ರಾಗಿಯನ್ನು ನಮ್ಮ ಮನೆಯ ಕಾಳು ತುಂಬಿಡುವ ವಾಡೆಯಿಂದ ತಂದು ಸುರಿದೆ. ಬಿಸಿ ಹಿಟ್ಟು ಕೈಮೇಲೆ ಬಿದ್ದಾಗ ಕಣ್ಣಲ್ಲಿ ನೀರು ಬಂತು. ಹಿಟ್ಟು ಹಾರಿತು ಎಂದು ಎಲ್ಲರಿಗೂ ಹೇಳಿದೆ.

ಆಚಾರಿ ಹೊರಟು ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು, ಬಸ್ಸಿನಿಂದ ಇಳಿದವರು ಮನೆಗೂ ಹೋಗದೆ ನೇರವಾಗಿ ಬಂದು ನಿಂತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಸರಿದರು. ನಾನು ಮಿಲ್ಲಿಗೆ ಅಡ್ಡ ನಿಂತೆ. ನನಗೇನು ಮಿಲ್ಲಿನಷ್ಟು ಅಗಲವಿದೆಯೇ!

ಅವರು ಕನ್ನಡಕ ತೆಗೆದರು. ಡಾಕ್ಟರು ತೆಗೆಯಬೇಡಿ ಎಂದಿದ್ದಾರೆ ಮಾವ ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಮಿಲ್ಲಿನ ಸುತ್ತ ಒಂದು ಸುತ್ತು ಬಂದರು. ಬರಿ ಕಬ್ಬಿಣದ ಮೇಲೆ ಅಂಗೈ ಇಟ್ಟರು.

“ಗಾಡೀಲಿ ಏರ್ಕಂಡ್ ಬಂದ ದಿಸ ಇಂಗೇ ಇತ್ತು ಕಣವ್ವ,” ಎಂದರು. “ನನ್ ಕಣ್ಣಿಂದ ಡಾಕ್ಟ್ರು ಒಂದೊಂದು ಪೊರೆ ತೆಗುದ್ರು. ನೀನು ಇದ್ರ ಮೈಯಿಂದ ಮೂವತ್ತು ತೆಗ್ದು ಕುಂತಿದ್ದೀಯ.”

ತಪ್ಪಾಯ್ತು ಮಾವ ಎನ್ನಲು ಬಾಯಿ ತೆರೆದೆ. ಅವರು ಹೊಸ ಬಳೆಯನ್ನು ಬೆರಳಿನಿಂದ ಸವರುತ್ತಿದ್ದರು. ನನ್ನ ಕಡೆ ನೋಡದೆ ಮಾತಾಡಿದರು.

“ಅದು ತಾನಾಗೇ ಒಡೀನಿಲ್ಲ. ಹೋದ ಹಬ್ಬದಲ್ಲಿ ಬಳೆ ಕೂರ್ನೇ ಇಲ್ಲ. ಸುತ್ತಿಗೇಲಿ ಬಡ್ದೆ. ಕಣ್ ಕಾಣ್ನಿಲ್ಲ ನೋಡು, ಏಟು ವಾರೆ ಬಿತ್ತು. ಸೀಳು ಬುಟ್ಟಿದ್ದು ಕೈಗೆ ತಿಳೀತು. ಮೇಲೆ ಎಲ್ಡು ಸಲ ಬಣ್ಣ ಬಳ್ದು ಮುಚ್ಬುಟ್ಟೆ.”

“ಮತ್ತೆ ಗುಜರಿಗೆ ಹಾಕು ಅಂದ್ರಿ?”

“ಇನ್ನೇನ್ ಅನ್ಲಿ? ನಾನೇ ಒಡೆದಾಕಿದ್ದು ಅಂತ ಸೊಸೆ ಮುಂದೆ ಯೋಳ್ಕಳದಾ?”

ಹತ್ತು ದಿನ ಮನಸ್ಸಿನಲ್ಲೇ ಅವರಿಗೆ ಎಷ್ಟು ಬೈದಿದ್ದೆ. ಮುದುಕರಿಗೆ ಎದೆಯೇ ಇಲ್ಲ ಎಂದಿದ್ದೆ, ಮಿಲ್ಲು ಬೇಡವಾಗಿದೆ ಎಂದಿದ್ದೆ. ಅವರಿಗೆ ಬೇಡವಾಗಿದ್ದದ್ದು ಮಿಲ್ಲಲ್ಲ, ಅದರ ಮೈಮೇಲಿದ್ದ ತಮ್ಮ ಏಟಿನ ಗುರುತು. ನನಗೆ ನಾಚಿಕೆಯಾಯಿತು. ಅವರ ಮೇಲೆ ಹಿಂದೆಂದೂ ಇಲ್ಲದಷ್ಟು ಅಕ್ಕರೆಯೂ ಬಂತು. ಕನ್ನಡಕ ಹಾಕಿಕೊಳ್ಳಿ ಮಾವ ಎಂದು ಗದರಿದೆ. ಹಾಕಿಕೊಂಡರು. ಆಮೇಲೆ ತಲೆಯೆತ್ತಿ ಅಟ್ಟ ನೋಡಿ, ನನ್ ಡಬ್ಬಿಗಳೆಲ್ಲವ್ವ ಎಂದು ಕೂಗಿದರು. ಆ ಕಥೆ ಹೇಳಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು.

ಮುಂದಿನ ಆಯುಧಪೂಜೆಗೆ ಅವರು ಒಂದು ಡಬ್ಬಿ ಹಸಿರು ಬಣ್ಣ ತಂದು ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು. ತಾವು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಕಣ್ಣು ಈಗ ಎಷ್ಟು ಚುರುಕೆಂದರೆ ಸೊಳ್ಳೆ ಕೂತ ಜಾಗವೂ ಕಾಣುತ್ತದೆ. ಅಲ್ಲಿ ಬಿಟ್ಟಿದೀಯ, ಇಲ್ಲಿ ಸೋರಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಪ್ರಾಣ ತಿಂದರು. ಮಿಲ್ಲಿನ ಒಡತಿ ಎಂದುಕೊಂಡಿದ್ದ ನಾನು ಅವರು ತೋರಿಸಿದಲ್ಲೆಲ್ಲ ಮತ್ತೊಮ್ಮೆ ಬಳಿದೆ. ಬಳೆಯ ಹತ್ತಿರ ಬ್ರಷ್ಷು ಹೋದಾಗ ಮಾತ್ರ ಕುರ್ಚಿಯಿಂದ ಎದ್ದೇ ಬಂದರು.

“ಅದನ್ನ ಅಂಗೇ ಬುಡು ಕಣವ್ವ,” ಎಂದರು. “ಕಾಣ್ಲಿ.”